ಕಪ್ಪು ಬಟ್ಟೆಗೆ ಹತ್ತುವ ಬಿಳಿ ಜುಂಗು: ಎಲ್ಲಿಂದ ಬರುತ್ತದೆ, ಹೇಗೆ ತಡೆಯಬೇಕು

ಪ್ರಶ್ನೆ: ನನ್ನ ಕಪ್ಪು ಪ್ಯಾಂಟುಗಳು ಮತ್ತು ಕಡುನೀಲಿ ಅಂಗಿಗಳು ವಾಷಿಂಗ್ ಮಷಿನ್‌ನಿಂದ ಹೊರಬರುವಾಗ ಮೈತುಂಬ ಬಿಳಿ ಜುಂಗು ಹೊತ್ತುಕೊಂಡೇ ಬರುತ್ತವೆ. ಬಿಳಿ ಬಟ್ಟೆಗಳನ್ನು ನಾನು ಎಂದೂ ಅವುಗಳೊಂದಿಗೆ ಸೇರಿಸುವುದಿಲ್ಲ. ಬಣ್ಣದ ಟವೆಲ್ಲು, ಹೊದಿಕೆಗಳನ್ನು ಮಾತ್ರ ಜೊತೆಗೆ ಹಾಕುತ್ತೇನೆ. ಎರಡು ಸಲ ಒಗೆದರೂ ಜುಂಗು ಹೋಗುತ್ತಿಲ್ಲ, ಕೆಲವೊಮ್ಮೆ ಹೆಚ್ಚಾದಂತೆಯೂ ಕಾಣುತ್ತದೆ. ದೋಷ ಮಷಿನ್ನಿನದೋ, ಪುಡಿಯದೋ, ಬಟ್ಟೆಯದೋ? ಈಗಾಗಲೇ ಅಂಟಿರುವುದನ್ನು ತೆಗೆಯುವುದು ಹೇಗೆ?

ಉತ್ತರ: ಮಷಿನ್ನನ್ನೂ ಪುಡಿಯನ್ನೂ ದೂರುವ ಮೊದಲು, ಜೊತೆಗೆ ಹಾಕುತ್ತಿರುವ ಟವೆಲ್ಲು ಮತ್ತು ಹೊದಿಕೆಗಳ ಕಡೆಗೆ ನೋಡಿ. ನೀವು ಬಟ್ಟೆಗಳನ್ನು ಬಣ್ಣ ನೋಡಿ ಬೇರ್ಪಡಿಸಿದ್ದೀರಿ. ಅದು ಸರಿಯೇ, ಆದರೆ ಒಂದು ಬಟ್ಟೆಯ ಬಣ್ಣ ಇನ್ನೊಂದಕ್ಕೆ ಇಳಿಯದಂತೆ ನೋಡಿಕೊಳ್ಳುವುದಷ್ಟೇ ಆ ವಿಂಗಡಣೆಯ ಕೆಲಸ. ಜುಂಗಿನ ವಿಷಯದಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಜುಂಗು ತಡೆಯಬೇಕಾದರೆ ಯಾವ ಬಟ್ಟೆ ನಾರು ಉದುರಿಸುತ್ತದೆ, ಯಾವ ಬಟ್ಟೆ ಉದುರಿದ ನಾರನ್ನು ಹಿಡಿದುಕೊಳ್ಳುತ್ತದೆ ಎಂಬುದನ್ನು ನೋಡಿ ಇನ್ನೊಂದು ಸಲ ವಿಂಗಡಿಸಬೇಕು. ಬಟ್ಟೆ ಒದ್ದೆಯಾಗುವ ಮೊದಲೇ ಇದನ್ನು ಮಾಡಿದರೆ ಮುಂದೆ ರೋಲರ್, ಬ್ರಷ್‌ಗಳಿಗೆ ಉಳಿಯುವ ಕೆಲಸ ತೀರ ಸ್ವಲ್ಪ.

ಲಿಂಟ್ ಎಂದು ಕರೆಯುವ ಈ ಜುಂಗು ಹೊರಗಿನಿಂದ ಬಂದ ಧೂಳಲ್ಲ, ಬಹುಪಾಲು ಬಟ್ಟೆಯದೇ ನಾರು. ಹತ್ತಿಯ ಒಂದೊಂದು ನಾರು ಎರಡು-ಮೂರು ಸೆಂಟಿಮೀಟರ್ ಆಸುಪಾಸಿನ ಉದ್ದದ್ದು. ಅಂಥ ಲೆಕ್ಕವಿಲ್ಲದಷ್ಟು ಎಳೆಗಳನ್ನು ಒಟ್ಟಿಗೆ ಹೊಸೆದಾಗ ನೂಲಾಗುತ್ತದೆ. ಅವನ್ನು ಹಿಡಿದಿಟ್ಟಿರುವುದು ಯಾವ ಅಂಟೂ ಅಲ್ಲ, ಹೊಸೆತದ ಬಿಗಿ ಮತ್ತು ಎಳೆ ಎಳೆಗಳ ನಡುವಿನ ಘರ್ಷಣೆ ಮಾತ್ರ. ಉಡುವಾಗ, ಉಜ್ಜುವಾಗ, ಮಷಿನ್ನಿನಲ್ಲಿ ಹೊರಳುವಾಗ ಗಿಡ್ಡ ನಾರುಗಳ ತುದಿಗಳು ಮೊದಲು ಮೇಲೆದ್ದು, ಆಮೇಲೆ ಕಳಚಿಕೊಳ್ಳುತ್ತವೆ. ಟರ್ಕಿ ಟವೆಲ್ ನೀರು ಚೆನ್ನಾಗಿ ಹೀರಲಿ ಎಂದು ಅದರ ಮೇಲ್ಮೈಯ ಕುಣಿಕೆಗಳಿಗೆ ಸಡಿಲ ಹೊಸೆತದ ನೂಲನ್ನು ಬಳಸುತ್ತಾರೆ. ಅದೇ ಸಡಿಲತನದಿಂದ ಅದು ಎಲ್ಲಕ್ಕಿಂತ ಹೆಚ್ಚು ಜುಂಗು ಬಿಡುತ್ತದೆ. ಹೊಸ ಟವೆಲ್ ಆಗಿದ್ದರೆ ನೇಯ್ಗೆಯ ಸಮಯದಲ್ಲೇ ಉಳಿದುಹೋದ ಬಿಡಿ ನಾರುಗಳೂ ಸೇರಿ ಮೊದಲ ಕೆಲವು ಒಗೆತಗಳಲ್ಲಿ ಇದು ಇನ್ನೂ ಹೆಚ್ಚು. ಫ್ಲಾನೆಲ್, ಉಣ್ಣೆಯಂತೆ ಮೃದುವಾದ ಫ್ಲೀಸ್, ಹತ್ತಿಯ ದಪ್ಪ ಹೊದಿಕೆ, ಹಳೆಯದಾಗಿ ಸವೆದ ಹತ್ತಿ ಬನಿಯನ್‌ಗಳೂ ಇದೇ ಗುಂಪಿಗೆ ಸೇರುತ್ತವೆ. ಗಿಡ್ಡ ನಾರುಗಳನ್ನು ನೂಲುವ ಮೊದಲೇ ಬಾಚಿ ತೆಗೆದ, ಲೇಬಲ್ಲಿನ ಮೇಲೆ ‘ಕೋಂಬ್ಡ್’ ಎಂದು ನಮೂದಿಸಿರುವ ಹತ್ತಿ ಬಟ್ಟೆಗಳು ಇದಕ್ಕಿಂತ ಬಹಳ ಕಡಿಮೆ ಉದುರುತ್ತವೆ.

ಇನ್ನು ಹಿಡಿದುಕೊಳ್ಳುವ ಬಟ್ಟೆಗಳು. ಕಾರ್ಡ್‌ರಾಯ್, ಮಖಮಲ್ಲಿನಂಥವು ತಮ್ಮ ನಿಂತ ರೋಮಗಳ ನಡುವೆ ಜುಂಗನ್ನು ಸಿಕ್ಕಿಸಿಕೊಳ್ಳುತ್ತವೆ. ಪಾಲಿಯೆಸ್ಟರ್ ಮತ್ತು ಅದರ ಮಿಶ್ರಣದ ಪ್ಯಾಂಟು, ಟೀ ಶರ್ಟುಗಳ ಕಾರಣ ಬೇರೆ: ಅವುಗಳ ಮೇಲೆ ಸ್ಥಾಯೀ ವಿದ್ಯುತ್ತು ಸುಲಭವಾಗಿ ಶೇಖರವಾಗುತ್ತದೆ. ಸಾಧಾರಣ ತೇವದ ಗಾಳಿಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ. 7ರಿಂದ 8ರಷ್ಟು ತೇವವನ್ನು ಹೀರಿ ಇಟ್ಟುಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ತೇವವಿದ್ದಲ್ಲಿ ವಿದ್ಯುತ್ತು ಹರಿದುಹೋಗುತ್ತದೆ. ಒಣಗಿದ ಪಾಲಿಯೆಸ್ಟರಿನಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತು ಹತ್ತಿರ ಸುಳಿದ ನಾರನ್ನೆಲ್ಲ ಸೆಳೆಯುತ್ತದೆ. ಒಣಹವೆಯ ದಿನಗಳಲ್ಲಿ ಜುಂಗಿನ ಕಾಟ ಹೆಚ್ಚುವುದು ಇದರಿಂದಲೇ.

ಬಿಳಿ ಬಟ್ಟೆ ಹಾಕದಿದ್ದರೂ ಬಿಳಿ ಜುಂಗು ಹೇಗೆ ಬಂತು ಎಂಬ ಅನುಮಾನ ನಿಮಗಿರಬಹುದು. ತಿಳಿಗುಲಾಬಿ ಅಥವಾ ಆಕಾಶನೀಲಿ ಟವೆಲ್ಲಿನಿಂದ ಒಂದೇ ಒಂದು ಎಳೆಯನ್ನು ಕಿತ್ತು ಕಪ್ಪು ಬಟ್ಟೆಯ ಮೇಲಿಟ್ಟು ನೋಡಿ. ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಆ ನಾರಿನಲ್ಲಿ ಗುಲಾಬಿಯೂ ಕಾಣುವುದಿಲ್ಲ, ನೀಲಿಯೂ ಕಾಣುವುದಿಲ್ಲ. ಬೆಳಕನ್ನು ಚದುರಿಸುವ ಬೆಳ್ಳಗಿನ ಒಂದು ಗೀರು ಮಾತ್ರ ಕಾಣುತ್ತದೆ. ಇದರ ಜೊತೆಗೆ, ಅನೇಕ ಡಿಟರ್ಜೆಂಟುಗಳಲ್ಲಿ ಬಟ್ಟೆ ಬೆಳ್ಳಗೆ ಹೊಳೆಯಲಿ ಎಂದು ಸೇರಿಸುವ ಪ್ರತಿದೀಪಕ ವಸ್ತು ಹತ್ತಿಯ ನಾರಿಗೆ ಚೆನ್ನಾಗಿ ಹತ್ತುತ್ತದೆ, ಹಾಗಾಗಿ ಬಿಸಿಲಿಗೆ ಬಂದಾಗ ಜುಂಗು ಇನ್ನಷ್ಟು ಎದ್ದು ಕಾಣುತ್ತದೆ.

ತೆಗೆಯುವ ವಿಧಾನಕ್ಕೆ ಹೋಗುವ ಮೊದಲು, ನಿಮ್ಮ ಬಟ್ಟೆಯ ಮೇಲಿರುವುದು ಜುಂಗೇ ಹೌದೇ ಎಂದು ಖಚಿತಪಡಿಸಿಕೊಳ್ಳಲು ಎರಡು ನಿಮಿಷ ಕೊಡಿ. ಕಪ್ಪು ಬಟ್ಟೆ ಬೆಳ್ಳಗಾಗುವುದಕ್ಕೆ ನಾಲ್ಕು ಬೇರೆ ಬೇರೆ ಕಾರಣಗಳಿವೆ, ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ. ಒಣಗಿದ ಪ್ಯಾಂಟನ್ನು ಕಿಟಕಿಯ ಬಳಿ ಚಾಚಿ, ಪಾರದರ್ಶಕ ಅಂಟುಟೇಪಿನ ಒಂದು ಗೇಣು ತುಂಡನ್ನು ಅದರ ಮೇಲೆ ಒತ್ತಿ, ನಿಧಾನವಾಗಿ ಎತ್ತಿ. ಟೇಪಿಗೆ ಎಳೆಗಳು ಅಂಟಿ ಬಂದು, ಅದು ಕುಳಿತಿದ್ದ ಜಾಗ ಮೊದಲಿನ ಕಪ್ಪಿಗೆ ಮರಳಿದ್ದರೆ ಅದು ಜುಂಗು. ಟೇಪು ಎತ್ತಿದರೂ ಸಣ್ಣ ಸಣ್ಣ ಉಂಡೆಗಳು ಬಟ್ಟೆಯಲ್ಲೇ ಉಳಿದು, ಉಗುರಿನಿಂದ ಎಳೆದರೆ ಒಂದು ಎಳೆಯ ಜೊತೆಗೆ ಬಟ್ಟೆಯೇ ಎದ್ದು ಬರುವಂತಿದ್ದರೆ ಅದು ಆ ಬಟ್ಟೆಯ ಸ್ವಂತ ನಾರು ಸುರುಳಿಸುತ್ತಿ ಕಟ್ಟಿಕೊಂಡ ಗಂಟು, ಪಿಲ್ಲಿಂಗ್ ಎನ್ನುವುದು ಇದನ್ನೇ. ಟೇಪಿಗೆ ಎಳೆಯ ಬದಲು ಹುಡಿ ಹತ್ತಿದ್ದರೆ, ಅಥವಾ ಒದ್ದೆ ಬೆರಳಿನಿಂದ ಉಜ್ಜಿದಾಗ ಬಿಳಿ ಗೆರೆ ಮಾಯವಾಗಿ ಬೆರಳು ತುಸು ಜಾರಿದರೆ, ಅದು ಸರಿಯಾಗಿ ಜಾಲಾಡಿಹೋಗದ ಡಿಟರ್ಜೆಂಟು. ಈ ಮೂರರಲ್ಲಿ ಯಾವುದೂ ಆಗದೆ ಮಡಿಕೆ, ಮೊಣಕಾಲು, ಜೇಬಿನ ಅಂಚುಗಳಲ್ಲಿ ಮಾತ್ರ ನಸುಬಿಳುಪು ಕಂಡರೆ ಅದು ಬಣ್ಣವೇ ಸವೆದಿರುವುದು. ಅದನ್ನು ಯಾವ ಬ್ರಷ್ಷೂ ತೆಗೆಯಲಾರದು, ಏಕೆಂದರೆ ಅಲ್ಲಿ ತೆಗೆಯಬೇಕಾದದ್ದು ಏನೂ ಇಲ್ಲ.

ನಿಮ್ಮದು ಜುಂಗೇ ಎಂದು ಟೇಪು ಹೇಳಿದರೆ, ಮುಂದಿನ ಒಗೆತದಿಂದ ಟವೆಲ್ಲು, ಹೊದಿಕೆ, ಫ್ಲೀಸ್‌ಗಳನ್ನು ಅವಷ್ಟನ್ನೇ ಸೇರಿಸಿ ಒಂದು ಸರದಿಯಲ್ಲಿ ಹಾಕಿ, ಕಪ್ಪು ಪ್ಯಾಂಟು-ಅಂಗಿಗಳನ್ನು ಇನ್ನೊಂದರಲ್ಲಿ ಹಾಕಿ. ಇವೆರಡರಲ್ಲಿ ಯಾವುದು ಮೊದಲು ಎಂಬುದೂ ಮುಖ್ಯ. ಟವೆಲ್ಲು ಒಗೆದ ಮೇಲೆ ಡ್ರಮ್ಮಿನ ತೂತುಗಳಲ್ಲಿ, ಬಾಗಿಲಿನ ರಬ್ಬರ್ ಬಳೆಯ ಮಡಿಕೆಯಲ್ಲಿ ಜುಂಗು ಉಳಿದಿರುತ್ತದೆ. ಅದರ ಬೆನ್ನಿಗೇ ಕಪ್ಪು ಬಟ್ಟೆ ಹಾಕಿದರೆ ಬೇರೆ ಬೇರೆಯಾಗಿ ಒಗೆದ ಶ್ರಮ ಅರ್ಧ ವ್ಯರ್ಥ. ಆದ್ದರಿಂದ ಕಪ್ಪು ಬಟ್ಟೆಗಳು ಮೊದಲು, ಟವೆಲ್ಲುಗಳು ಕೊನೆಗೆ. ಅದು ಸಾಧ್ಯವಾಗದ ದಿನ ಒದ್ದೆ ಬಟ್ಟೆಯಿಂದ ಡ್ರಮ್ಮಿನ ಒಳಮೈಯನ್ನೂ ರಬ್ಬರ್ ಬಳೆಯ ಒಳಮಡಿಕೆಯನ್ನೂ ಒಮ್ಮೆ ಒರೆಸಿ. ಒರೆಸಿದ ಬಟ್ಟೆಗೆ ಎಷ್ಟು ಹತ್ತಿತು ಎಂದು ಕಂಡ ಮೇಲೆ ಈ ಅಭ್ಯಾಸ ಬಿಡುವುದಕ್ಕೆ ನಿಮಗೇ ಮನಸ್ಸಾಗದು. ಕಪ್ಪು ಟವೆಲ್ ಇದ್ದರೆ ಅದನ್ನು ಕಪ್ಪು ಬಟ್ಟೆಗಳ ಜೊತೆ ಹಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಜುಂಗು ಕಣ್ಣಿಗೆ ಕಾಣದು ಎಂಬುದು ನಿಜ, ಆದರೆ ಅದು ಪ್ಯಾಂಟಿನ ಮೇಲೆ ಕುಳಿತೇ ಇರುತ್ತದೆ, ತಿಳಿಬಣ್ಣದ ಕುರ್ಚಿ ಹಾಸಿನ ಮೇಲೆ ಕುಳಿತು ಎದ್ದಾಗ ಅಲ್ಲಿ ತೋರುತ್ತದೆ.

ಪ್ರತಿ ಬಟ್ಟೆಯನ್ನೂ ಒಳಮೈ ಹೊರಗೆ ಮಾಡಿ, ಗುಂಡಿ-ಜಿಪ್ಪುಗಳನ್ನು ಹಾಕಿ ಮಷಿನ್ನಿಗೆ ಹಾಕಬೇಕು. ಇದರಿಂದ ಜುಂಗು ಕೂರುವುದು ಒಳಮೈಗೆ, ಸವೆತವೂ ಒಳಮೈಗೇ. ಹೊರಗಿನ ಕಪ್ಪು ಹೆಚ್ಚು ದಿನ ಉಳಿಯುತ್ತದೆ. ನೀರು ತಣ್ಣಗಿರಲಿ ಅಥವಾ 30 ಡಿಗ್ರಿ ಸೆಲ್ಸಿಯಸ್ ಮೀರದಿರಲಿ, ಬೆವರಿನ ಹೊರತು ಬೇರೆ ಕೊಳೆಯಿಲ್ಲದಿದ್ದರೆ ಚಿಕ್ಕ ಅವಧಿಯ ಮೆದು ಒಗೆತವೇ ಸಾಕು, ಏಕೆಂದರೆ ಹೆಚ್ಚು ಹೊತ್ತು ಹೊರಳಿದಷ್ಟೂ ನಾರು ಹೆಚ್ಚು ಕಳಚುತ್ತದೆ. ಉಣ್ಣೆ, ರೇಷ್ಮೆಗಳ ವಿಷಯ ಬೇರೆ, ಅವನ್ನು ಇವುಗಳ ಜೊತೆ ಸೇರಿಸಲೇಬೇಡಿ.

ಮಷಿನ್ನನ್ನು ಎಷ್ಟು ತುಂಬುತ್ತೀರಿ ಎಂಬುದು ಜನ ತಿಳಿದುಕೊಂಡಿರುವುದಕ್ಕಿಂತ ಹೆಚ್ಚು ಪರಿಣಾಮ ಬೀರುತ್ತದೆ. ಇದನ್ನು ಕಣ್ಣಾರೆ ಕಾಣಬೇಕಾದರೆ ಒಂದು ಬಕೆಟ್ಟಿನಲ್ಲಿ ಟವೆಲ್ಲನ್ನೂ ಒಂದು ಕಪ್ಪು ಬಟ್ಟೆಯನ್ನೂ ಒಟ್ಟಿಗೆ ಅದ್ದಿ ನಾಲ್ಕು ಸಲ ಕುಲುಕಿ, ನೀರು ತಿಳಿಯಾಗಲು ಬಿಟ್ಟು, ಬೆಳಕಿಗೆ ಓರೆಯಾಗಿ ನೋಡಿ: ನೀರಿನ ತುಂಬ ಗುಂಗುರು ಎಳೆಗಳು ತೇಲುತ್ತಿರುತ್ತವೆ. ಈಗ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು, ಬಕೆಟ್ಟನ್ನು ಬಗ್ಗಿಸಿ ನೀರನ್ನು ಬಸಿದರೆ ಆ ಎಳೆಗಳೆಲ್ಲ ಸೋಸುವ ಬಟ್ಟೆಯಲ್ಲಿ ಚರಟ ನಿಲ್ಲುವಂತೆ ನಿಮ್ಮ ಕಪ್ಪು ಬಟ್ಟೆಯಲ್ಲೇ ನಿಲ್ಲುತ್ತವೆ. ಅದರ ಬದಲು ಬಟ್ಟೆಯನ್ನು ನೀರಿನೊಳಗೆ ಅತ್ತಿತ್ತ ಆಡಿಸಿ ಮೇಲಕ್ಕೆತ್ತಿ ತೆಗೆದುಕೊಂಡು, ಆಮೇಲೆ ನೀರನ್ನು ಚೆಲ್ಲಿದರೆ ಬಹಳಷ್ಟು ಎಳೆಗಳು ನೀರಿನ ಜೊತೆ ಹೋಗುತ್ತವೆ. ಕೈಯಲ್ಲಿ ಒಗೆಯುವವರು ಈ ಒಂದು ಕ್ರಮವನ್ನು ರೂಢಿಸಿಕೊಂಡರೆ ಸಾಕು. ಮಷಿನ್ನಿಗೆ ಬಟ್ಟೆಯನ್ನು ಎತ್ತಿ ಹಿಡಿಯಲು ಬರುವುದಿಲ್ಲ. ಅದು ಪ್ರತಿ ಸಲವೂ ಬಟ್ಟೆಯ ಮೂಲಕವೇ ನೀರನ್ನು ಬಸಿಯುತ್ತದೆ, ಅದರಲ್ಲೂ ಮುಂಬಾಗಿಲಿನ ಮಷಿನ್ನುಗಳು ಕಡಿಮೆ ನೀರು ಬಳಸುವುದರಿಂದ ಜುಂಗು ಹೊರಹೋಗುವ ಅವಕಾಶವೂ ಕಡಿಮೆ. ಇದಕ್ಕಿರುವ ಪರಿಹಾರ ಬಟ್ಟೆಗಳು ಸಡಿಲವಾಗಿ ಆಡುವಷ್ಟು ಜಾಗ ಬಿಡುವುದು ಮತ್ತು ಕಪ್ಪು ಬಟ್ಟೆಗಳಿಗೆ ಒಂದು ಹೆಚ್ಚುವರಿ ರಿನ್ಸ್ ಕೊಡುವುದು. ಹತ್ತಿ ಬಟ್ಟೆಗೆ ಡ್ರಮ್ಮಿನ ಮುಕ್ಕಾಲು ಭಾಗ, ಮೆದು ಒಗೆತದಲ್ಲಿ ಹಾಕುವ ಪಾಲಿಯೆಸ್ಟರ್ ಮಿಶ್ರಣಗಳಿಗೆ ಅರ್ಧ ಎಂದು ಇಟ್ಟುಕೊಳ್ಳಿ.

ಫಿಲ್ಟರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮೇಲಿನಿಂದ ಬಟ್ಟೆ ಹಾಕುವ ಅನೇಕ ಮಷಿನ್ನುಗಳಲ್ಲಿ ಡ್ರಮ್ಮಿನ ಒಳಗೋಡೆಗೆ ಬಲೆಯ ಒಂದು ಚೀಲ ಅಥವಾ ಡಬ್ಬಿ ಇರುತ್ತದೆ. ಒಗೆತದ ನೀರು ಅದರ ಮೂಲಕ ಹಾದುಹೋಗುವಾಗ ಜುಂಗು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಪ್ರತಿ ಒಗೆತದ ನಂತರ ಖಾಲಿ ಮಾಡಲೇಬೇಕು, ಬಲೆ ಹರಿದಿದ್ದರೆ ಬದಲಿಸಲೇಬೇಕು. ಹರಿದ ಚೀಲ ಹಿಡಿದ ಜುಂಗನ್ನು ಮತ್ತೆ ಬಟ್ಟೆಗೇ ಬಿಡುತ್ತದೆ. ಮುಂಬಾಗಿಲಿನ ಮಷಿನ್ನಿನ ಕೆಳಮೂಲೆಯ ಪುಟ್ಟ ಮುಚ್ಚಳದ ಹಿಂದಿರುವ ಫಿಲ್ಟರ್ ಹಾಗಲ್ಲ: ನಾಣ್ಯ, ಗುಂಡಿಗಳು ಪಂಪಿಗೆ ಹೋಗದಂತೆ ತಡೆಯುವುದಕ್ಕೆ ಅದು ಇರುವುದು, ಬಟ್ಟೆಯ ಜುಂಗು ಸೋಸುವುದಕ್ಕಲ್ಲ. ಹಾಗೆಂದು ಅದನ್ನು ಅಲಕ್ಷಿಸಬಾರದು. ಅದು ಕಟ್ಟಿಕೊಂಡರೆ ನೀರು ನಿಧಾನವಾಗಿ ಖಾಲಿಯಾಗಿ, ಜುಂಗು ತುಂಬಿದ ನೀರು ಬಟ್ಟೆಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅದನ್ನು ತೆರೆಯುವಾಗ ಕೆಳಗೆ ಅಗಲ ತಟ್ಟೆ ಇಡಿ, ನೀರು ಬರುತ್ತದೆ. ಯಾವ ಫಿಲ್ಟರಿನಿಂದ ತೆಗೆದ ಜುಂಗೇ ಆಗಲಿ, ಕಸದ ಬುಟ್ಟಿಗೆ ಹೋಗಲಿ. ತೊಟ್ಟಿಯಲ್ಲಿ ತೊಳೆದುಬಿಟ್ಟರೆ ಅದರಲ್ಲಿರುವ ಪಾಲಿಯೆಸ್ಟರ್ ಚೂರುಗಳು ಕೊಳೆಯದೆ ನೀರಿನಲ್ಲೇ ಉಳಿಯುತ್ತವೆ ಎಂಬುದನ್ನು ನೆನಪಿನಲ್ಲಿಡಿ.

ನಿಮ್ಮ ಪ್ರಶ್ನೆಯ ಎರಡನೆಯ ಭಾಗ ಪುಡಿಯದು. ಪುಡಿ ಜುಂಗನ್ನು ಹುಟ್ಟಿಸುವುದಿಲ್ಲ, ಆದರೆ ಕಪ್ಪು ಬಟ್ಟೆಗೆ ನಾನು ಪುಡಿಗಿಂತ ಲಿಕ್ವಿಡ್ ಡಿಟರ್ಜೆಂಟನ್ನೇ ಹೇಳುತ್ತೇನೆ. ಪುಡಿ ತಣ್ಣೀರಿನಲ್ಲಿ ಪೂರ್ತಿ ಕರಗದೆ ಉಳಿಯಬಹುದು; ಕೆಲವು ಪುಡಿಗಳಲ್ಲಿ ನೀರಿನ ಗಡಸುತನ ತಗ್ಗಿಸಲು ಹಾಕುವ ಜಿಯೋಲೈಟ್ ಎಂಬ ಖನಿಜ ಕರಗುವ ವಸ್ತುವೇ ಅಲ್ಲ, ರಿನ್ಸ್ ಸಾಲದಿದ್ದರೆ ಅದು ಕಪ್ಪು ಬಟ್ಟೆಯ ಮೇಲೆ ಬಿಳಿ ಹುಡಿಯಾಗಿ ಉಳಿಯುತ್ತದೆ. ಬಣ್ಣದ ಬಟ್ಟೆಗಳಿಗೆಂದೇ ಮಾಡಿದ ಕೆಲವು ಡಿಟರ್ಜೆಂಟುಗಳಲ್ಲಿ ಸೆಲ್ಯುಲೇಸ್ ಎಂಬ ಕಿಣ್ವ ಇರುತ್ತದೆ. ಅದು ಹತ್ತಿಯ ಮೇಲ್ಮೈಯಲ್ಲಿ ಎದ್ದುನಿಂತ ನವಿರು ನಾರುಗಳನ್ನು ಕತ್ತರಿಸಿ ತೆಗೆಯುತ್ತದೆ, ಹಾಗಾಗಿ ಮಂಕಾದ ಕಪ್ಪು ಹತ್ತಿ ಬಟ್ಟೆ ಹಲವು ಒಗೆತಗಳ ನಂತರ ಮತ್ತೆ ಗಾಢವಾಗಿ ಕಾಣುತ್ತದೆ; ಪಾಲಿಯೆಸ್ಟರಿನ ಮೇಲೆ ಇದರ ಕೆಲಸ ನಡೆಯುವುದಿಲ್ಲ. ಕೊನೆಯ ರಿನ್ಸಿಗೆ ಹಾಕುವ ಫ್ಯಾಬ್ರಿಕ್ ಕಂಡೀಷನರ್ ನಾರಿನ ಮೇಲೆ ತೆಳುವಾದ ನುಣುಪು ಪದರ ಬಿಟ್ಟು ಘರ್ಷಣೆಯನ್ನೂ ಸ್ಥಾಯೀ ವಿದ್ಯುತ್ತನ್ನೂ ತಗ್ಗಿಸುವುದರಿಂದ ಪಾಲಿಯೆಸ್ಟರ್ ಮಿಶ್ರಣದ ಪ್ಯಾಂಟುಗಳಿಗೆ ನಿಜವಾಗಿಯೂ ಉಪಕಾರಿ, ಆದರೆ ಟವೆಲ್ಲಿಗೂ ಬೆವರು ಹೀರಬೇಕಾದ ಆಟದ ಉಡುಪಿಗೂ ಬೇಡ, ಅವುಗಳ ಹೀರುವ ಗುಣ ಕುಗ್ಗುತ್ತದೆ. ವಿನೆಗರ್ ಹಾಕಿದರೆ ಜುಂಗು ಹೋಗುತ್ತದೆ ಎಂಬ ಮಾತು ಬಹಳ ಕೇಳಿಬರುತ್ತದೆ. ಅದು ಗಡಸು ನೀರಿನ ಸುಣ್ಣದಂಥ ಕಲೆಯನ್ನು ಕರಗಿಸುತ್ತದೆ, ನಾರನ್ನು ಕರಗಿಸುವುದಿಲ್ಲ. ಹಾಕುವುದೇ ಆದರೆ ಕ್ಲೋರಿನ್ ಬ್ಲೀಚಿನ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಜೇಬಿನಲ್ಲಿ ಮರೆತ ಟಿಶ್ಯೂ ಪೇಪರಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಒಂದೇ ಒಂದು ಹಾಳೆ ಇಡೀ ಮಷಿನ್ನಿನ ಬಟ್ಟೆಗಳನ್ನು ಹಾಳುಗೆಡವಬಲ್ಲದು. ಇಂಥದ್ದು ಕಂಡ ತಕ್ಷಣ ಎಲ್ಲರೂ ಮಾಡುವುದು ಮತ್ತೊಮ್ಮೆ ಒಗೆಯುವುದು, ಅದೇ ತಪ್ಪು. ಒದ್ದೆ ಕಾಗದದ ನಾರು ನೀರಿನ ಪದರದ ಸೆಳೆತದಿಂದ ಬಟ್ಟೆಗೆ ಅಂಟಿಕೊಂಡಿರುತ್ತದೆ, ಮತ್ತೆ ಒಗೆದರೆ ಇನ್ನೂ ಸಣ್ಣ ಚೂರುಗಳಾಗಿ ಇನ್ನೂ ಆಳಕ್ಕೆ ಇಳಿಯುತ್ತದೆ. ಬಟ್ಟೆಯನ್ನು ಮುಟ್ಟದೆ ಪೂರ್ತಿ ಒಣಗಲು ಬಿಡಿ, ಆಮೇಲೆ ಹೊರಗೆ ನಿಂತು ಜೋರಾಗಿ ಕೊಡವಿ. ಬಹುಪಾಲು ಕಾಗದ ಉದುರಿಹೋಗುತ್ತದೆ, ಉಳಿದದ್ದನ್ನು ಬ್ರಷ್ಷಿನಿಂದ ತೆಗೆದು, ಕೊನೆಗೆ ಒಂದು ರಿನ್ಸ್ ಮಾತ್ರ ಕೊಡಿ. ನೀವು ಎರಡನೆಯ ಸಲ ಒಗೆದಾಗ ಜುಂಗು ಹೆಚ್ಚಾದದ್ದಕ್ಕೂ ಕಾರಣ ಇದನ್ನೇ ಹೋಲುತ್ತದೆ: ಅದೇ ಟವೆಲ್ಲುಗಳು, ಖಾಲಿಯಾಗದ ಅದೇ ಫಿಲ್ಟರ್ ಇದ್ದರೆ ಎರಡನೆಯ ಒಗೆತ ಎಂದರೆ ಎರಡನೆಯ ಸಲ ಜುಂಗು ಬಳಿಯುವುದೇ.

ಒಣಗಿಸುವಾಗ ಹಗ್ಗಕ್ಕೆ ಹಾಕುವ ಮೊದಲು ಒಮ್ಮೆ, ಒಣಗಿ ತೆಗೆಯುವಾಗ ಒಮ್ಮೆ ಪ್ರತಿ ಬಟ್ಟೆಯನ್ನೂ ಕೊಡವಿ. ಹಗ್ಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಹಾಕಿ, ಟವೆಲ್ಲುಗಳ ಸಾಲಿಗೆ ತಾಗದಂತೆ ದೂರವಿಡಿ. ಡ್ರೈಯರ್ ಇರುವವರಿಗೆ ಇನ್ನೂ ಅನುಕೂಲ, ಬಿಸಿಗಾಳಿ ಬಿಡಿ ನಾರನ್ನು ಹೊತ್ತೊಯ್ದು ಜಾಲರಿಗೆ ಹಾಕುತ್ತದೆ. ಆ ಜಾಲರಿಯನ್ನು ಪ್ರತಿ ಸಲವೂ ಖಾಲಿ ಮಾಡುವುದು ಬಟ್ಟೆಯ ಅಂದದ ಪ್ರಶ್ನೆಯಷ್ಟೇ ಅಲ್ಲ; ಒಣ ಜುಂಗು ಕಿಡಿಯಂತೆ ಹತ್ತಿಕೊಳ್ಳುವ ವಸ್ತು, ಜಾಲರಿ ಕಟ್ಟಿಕೊಂಡ ಡ್ರೈಯರಿಗೆ ಬೆಂಕಿ ತಗಲುವ ಅಪಾಯವಿದೆ. ಪಾಲಿಯೆಸ್ಟರ್ ಬಟ್ಟೆಗಳನ್ನು ಅತಿಯಾಗಿ ಒಣಗಿಸಿದರೆ ಸ್ಥಾಯೀ ವಿದ್ಯುತ್ತು ಹೆಚ್ಚುವುದರಿಂದ ಅವು ತುಸು ತೇವವಿರುವಾಗಲೇ ಹೊರತೆಗೆಯಿರಿ.

ಈಗಾಗಲೇ ಹತ್ತಿರುವುದನ್ನು ತೆಗೆಯುವ ಕೆಲಸ ಒಣ ಬಟ್ಟೆಯ ಮೇಲೆ, ಇಸ್ತ್ರಿ ಮಾಡುವ ಮೊದಲು ಆಗಬೇಕು. ಇಸ್ತ್ರಿಯ ಒತ್ತಡ ಎಳೆಗಳನ್ನು ನೇಯ್ಗೆಯೊಳಕ್ಕೆ ಕೂರಿಸಿಬಿಡುತ್ತದೆ. ಅಂಟು ರೋಲರ್ ಅವಸರದ ದಿನಕ್ಕೆ ಒಳ್ಳೆಯದು, ಆದರೆ ದಿನನಿತ್ಯ ಅದನ್ನೇ ನೆಚ್ಚಿಕೊಂಡರೆ ಅಂಟಿನ ಅಂಶ ಬಟ್ಟೆಯಲ್ಲಿ ಉಳಿದು ಮುಂದೆ ಧೂಳನ್ನು ಕರೆಯುತ್ತದೆ. ಮಖಮಲ್ಲಿನ ಮೇಲಂತೂ ಅದು ರೋಮವನ್ನು ಮಲಗಿಸಿಬಿಡುತ್ತದೆ. ನನ್ನ ಮೊದಲ ಆಯ್ಕೆ ಒಂದೇ ದಿಕ್ಕಿಗೆ ವಾಲಿದ ಗಿಡ್ಡ ರೋಮಗಳ, ಮಖಮಲ್ಲಿನಂಥ ಬಟ್ಟೆ ಹೊದಿಸಿದ ಬ್ರಷ್. ಅಂಗೈಯನ್ನು ಅದರ ಮೇಲೆ ಆಡಿಸಿದರೆ ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದರಲ್ಲಿ ತಡೆ ತಿಳಿಯುತ್ತದೆ. ತಡೆಯುವ ದಿಕ್ಕಿನಲ್ಲಿ ಬಟ್ಟೆಯ ಮೇಲೆ ಎಳೆದರೆ ಜುಂಗು ಬರುತ್ತದೆ, ತಿರುಗಿಸಿ ಎಳೆದರೆ ಹಿಡಿದದ್ದನ್ನು ಮರಳಿ ಬಟ್ಟೆಗೇ ಒರೆಸಿದಂತಾಗುತ್ತದೆ. ಬ್ರಷ್ ಇಲ್ಲದಿದ್ದರೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸನ್ನು ಹಾಕಿ, ಅದನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಕೊಡವಿ, ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಸವರಿ. ಎಳೆಗಳು ಸುರುಳಿಯಾಗಿ ಕೆಳತುದಿಯಲ್ಲಿ ಒಂದು ಸಾಲಿನಂತೆ ಕೂಡಿಕೊಳ್ಳುತ್ತವೆ, ಅದನ್ನು ಕೈಯಿಂದಲೇ ಎತ್ತಿಬಿಡಬಹುದು. ಅಂಗಡಿಗಳಲ್ಲಿ ಲಿಂಟ್ ರಿಮೂವರ್ ಎಂಬ ಹೆಸರಿನಲ್ಲಿ ಸಿಗುವ ಬ್ಯಾಟರಿಯ ಯಂತ್ರವನ್ನು ಹೆಸರು ನೋಡಿ ಕೊಳ್ಳಬೇಡಿ. ಅದರೊಳಗೆ ತಿರುಗುವುದು ಕ್ಷೌರದ ಅಲಗು, ಅದು ಪಿಲ್ಲಿಂಗ್ ಗಂಟುಗಳನ್ನು ಕತ್ತರಿಸುವುದಕ್ಕೆ. ಗಂಟುಗಳಿದ್ದರೆ ಬಟ್ಟೆಯನ್ನು ಬಿಗಿಯಾಗಿ ಹರಡಿ, ಒತ್ತದೆ, ಹಗುರವಾಗಿ ಬಳಸಿ. ಬರಿಯ ಜುಂಗಿಗೆ ಬಳಸಿದರೆ ಬಟ್ಟೆ ವೃಥಾ ತೆಳುವಾಗುತ್ತದೆ.

ನಿಮ್ಮ ಪ್ಯಾಂಟು, ಅಂಗಿಗಳನ್ನು ಬಿಸಾಡುವ ಅಗತ್ಯ ಏನೂ ಇಲ್ಲ. ಅವನ್ನು ಒಣಗಿದಂತೆಯೇ ಹೊರಗೆ ಕೊಡವಿ, ಬ್ರಷ್ಷಿನಿಂದ ಅಥವಾ ರಬ್ಬರ್ ಕೈಗವಸಿನಿಂದ ಎರಡೂ ಮೈಯನ್ನು ಸವರಿ, ಡ್ರಮ್ಮನ್ನು ಒರೆಸಿ ಫಿಲ್ಟರ್ ಖಾಲಿ ಮಾಡಿದ ಮೇಲೆ ಅವಷ್ಟನ್ನೇ ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಎರಡು ರಿನ್ಸ್ ಕೊಡಿ. ಒಣಗಿದ ಮೇಲೆ ಮತ್ತೆ ಟೇಪಿನ ಪರೀಕ್ಷೆ ಮಾಡಿ. ಟವೆಲ್ಲುಗಳನ್ನು ಬೇರೆ ಮಾಡಿ ಮೂರು-ನಾಲ್ಕು ಒಗೆತಗಳಾದ ಮೇಲೂ ಟೇಪಿಗೆ ಅಷ್ಟೇ ಎಳೆಗಳು ಬರುತ್ತಿದ್ದರೆ ಮಾತ್ರ ಮಷಿನ್ನನ್ನು ಅನುಮಾನಿಸಿ, ನೀರು ಸರಿಯಾಗಿ ಖಾಲಿಯಾಗುತ್ತಿದೆಯೇ ಎಂದು ರಿಪೇರಿಯವರಿಂದ ನೋಡಿಸಿ.